ಮುರಿಯುವುದೇ ಕಸುಬು: ಕೊಟ್ಟಿಗೆಹಾರದ ಮರಿಯಂ

ಕೊಟ್ಟಿಗೆಹಾರದ ಮಂಜು ಇನ್ನೂ ರಸ್ತೆ ಬಿಟ್ಟು ಎದ್ದಿಲ್ಲ. ಚಾರ್ಮಾಡಿ ಕಡೆ ಇಳಿಯುವ ಲಾರಿಗಳು ದೀಪ ಹಾಕಿಕೊಂಡೇ ತೆವಳುತ್ತಿವೆ. ನೀರುದೋಸೆ ಹೋಟೆಲಿನ ಮೊದಲ ಕಾವಲಿ ಚುಂಯ್ ಎನ್ನುವ ಹೊತ್ತಿಗೆ, ಅದರ ಹಿಂದಿನ ಓಣಿಯ ಹೆಂಚಿನ ಮನೆಯಲ್ಲಿ ಮರಿಯಂ ಬಚ್ಚಲೊಲೆ ಹಚ್ಚಿ ಮುಗಿಸಿದ್ದಾರೆ. ಸ್ನಾನಕ್ಕೆ ಅಂದುಕೊಂಡರೆ ತಪ್ಪಾಯಿತು. ಹಂಡೆಯ ಮೇಲೊಂದು ಹಲಗೆ, ಹಲಗೆಯ ಮೇಲೊಂದು ಒಣ ಟವೆಲ್, ಟವೆಲಿನೊಳಗೆ ಬೆಚ್ಚಗೆ ಮಲಗಿರುವುದು ಕಂದು ಬಣ್ಣದ ಶೀಟುಗಳು. ಮನೆಯವರ ಸ್ನಾನ ಏನಿದ್ದರೂ ಇವುಗಳ ಸೇವೆ ಮುಗಿದ ಮೇಲೆ.

"ಚಳಿಗೆ ಇವು ಬಿರುಸಾಗಿ ಕೂತಿರ್ತಾವೆ. ಹಾಗೇ ಮುರಿದ್ರೆ ಅಂಚೆಲ್ಲ ಪುಡಿ ಪುಡಿ. ಒಂಚೂರು ಬೆಚ್ಚಗೆ ಮಾಡಿದ್ರೆ ಹೇಳಿದ ಮಾತು ಕೇಳ್ತಾವೆ" ಎನ್ನುತ್ತಾರೆ ಮರಿಯಂ. ಶೀಟಿನ ಬೆನ್ನಿಗೆ ಅಂಗೈ ಒತ್ತಿ ಕಾವು ನೋಡುತ್ತಾರೆ. ಥರ್ಮಾಮೀಟರ್ ಇಲ್ಲ. ಮಗುವಿನ ಹಣೆ ಮುಟ್ಟಿ ಜ್ವರ ನೋಡುವುದಕ್ಕೆ ಯಾವ ತಾಯಿಗೆ ಥರ್ಮಾಮೀಟರ್ ಬೇಕು?

ಕಸುಬು ಏನೆಂದು ಹೇಳಿಬಿಡಬೇಕು. ಅಂಚೆಚೀಟಿಗಳ ದೊಡ್ಡ ಹಾಳೆಯನ್ನು ನೆನಪಿಸಿಕೊಳ್ಳಿ. ಹಾಗೆಯೇ ಒಂದು ಶೀಟಿನಲ್ಲಿ ಹನ್ನೆರಡು ಸರ್ಕಿಟ್ ಬೋರ್ಡುಗಳು ಒತ್ತೊತ್ತಾಗಿ ಅಚ್ಚಾಗಿ ಬೆಂಗಳೂರಿನಿಂದ ಬರುತ್ತವೆ. ಅಂಚೆಚೀಟಿಗಾದರೆ ಹರಿಯಲು ತೂತುಗಳಿರುತ್ತವೆ, ಇವಕ್ಕಿಲ್ಲ. ಬೋರ್ಡಿಗೂ ಬೋರ್ಡಿಗೂ ನಡುವೆ ಗೆರೆ ಗೀರಿ, ಆ ಗೆರೆಗೆ ಸರಿಯಾಗಿ ಮುರಿದು, ಅಂಚು ಉಜ್ಜಿ ಕೊಡುವುದು ಮರಿಯಂ ಅವರ ಕೆಲಸ. ಇಲ್ಲಿಂದ ಅವು ಮೂಡಿಗೆರೆಗೆ ಹೋಗುತ್ತವೆ. ಅಲ್ಲಿ ಬಸವರಾಜಪ್ಪ ಎಂಬವರ ಪುಟ್ಟ ವರ್ಕ್‌ಶಾಪಿನಲ್ಲಿ ಮೂವರು ಹೆಂಗಸರು ಬೋರ್ಡಿಗೆ ಬಿಡಿಭಾಗ ಬೆಸುಗೆ ಹಾಕಿ, ತೋಟದ ಬೇಲಿಗೆ ಕರೆಂಟ್ ಕೊಡುವ ಡಬ್ಬ ತಯಾರಿಸುತ್ತಾರೆ. ಆನೆಯೋ ಹಂದಿಯೋ ತಂತಿಗೆ ಮೈ ತಾಗಿಸಿದರೆ ಒಂದು ಏಟು ತಿಂದು ಬಂದ ದಾರಿಗೆ ಸುಂಕವಿಲ್ಲವೆಂದು ಹಿಂದಿರುಗಬೇಕು, ಸಾಯಬಾರದು. ಅಷ್ಟೇ ಅದರ ಕೆಲಸ. ಹತ್ತು ಊರಿನ ಕಾಫಿ ತೋಟಗಳಲ್ಲಿ ಆ ಡಬ್ಬ ಟಿಕ್ ಟಿಕ್ ಎನ್ನುತ್ತದೆ. ಅದರೊಳಗಿನ ಬೋರ್ಡನ್ನು ಮುರಿದವರು ಯಾರೆಂದು ಯಾವ ಪ್ಲಾಂಟರಿಗೂ ಗೊತ್ತಿಲ್ಲ, ಗೊತ್ತಾಗಬೇಕೆಂದು ಮರಿಯಂ ಅವರಿಗೂ ಹಟವಿಲ್ಲ.

ಆದರೆ ಇವತ್ತು, ಎರಡು ಸಾವಿರದ ಆರರ ಡಿಸೆಂಬರಿನ ಈ ಶನಿವಾರ, ಅವರ ಕಿವಿ ಬೆಳಿಗ್ಗೆಯಿಂದಲೇ ರಸ್ತೆಯ ಕಡೆಗಿದೆ. ಬಸವರಾಜಪ್ಪನವರ ಜೀಪು ಬರಬೇಕು. ಬೆಂಗಳೂರಿನ ಶೀಟು ತಯಾರಕರು ಹೊಸ ಮೆಷಿನ್ ಹಾಕಿಸಿದ್ದಾರೆ, ಶೀಟಿಗೆ ಗೆರೆಯನ್ನೂ ಅಲ್ಲೇ ಗೀರಿ ಕಳಿಸುತ್ತಾರೆ. ಗೆರೆ ಇರುವ ಶೀಟನ್ನು ಬಿಸ್ಕತ್ತು ಮುರಿದ ಹಾಗೆ ಯಾರು ಬೇಕಾದರೂ ಮುರಿಯಬಹುದಂತೆ. ಆ ಶೀಟುಗಳ ಎರಡನೆಯ ಕಟ್ಟು ಈ ವಾರದ ಬಸ್ಸಿಗೆ ಮೂಡಿಗೆರೆ ತಲುಪಿದೆ. ಅವು ಇಡಿಯಾಗಿ ಬಂದಿದ್ದರೆ ಈ ಮನೆಯ ಮೇಜು ಇನ್ನು ಇಡ್ಲಿ ಹಿಟ್ಟು ಇಡಲಿಕ್ಕೆ.

ಮರಿಯಂ ಬೆಚ್ಚಗಾದ ಶೀಟನ್ನು ಎತ್ತಿಕೊಂಡು ಅಡುಗೆಮನೆಗೆ ತಾಗಿದ ಜಗಲಿಗೆ ಬರುತ್ತಾರೆ. ಅದೇ ಕಾರ್ಖಾನೆ. ಹಲಸಿನ ಹಲಗೆಯ ಮೇಜು, ಒಂದು ಸ್ಟೀಲ್ ಸ್ಕೇಲು, ಅಂಚು ಉಜ್ಜಲು ಎರಡು ಅರ, ಮತ್ತು ಮುರಿದ ಹ್ಯಾಕ್ಸಾ ಬ್ಲೇಡಿನ ತುದಿಯನ್ನು ಗಿಳಿಯ ಕೊಕ್ಕಿನಂತೆ ಸಾಣೆ ಹಿಡಿದು ಬಟ್ಟೆ ಸುತ್ತಿದ ಒಂದು ಹತಾರ. ಸ್ಕೇಲನ್ನು ಎಡಗೈಯಲ್ಲಿ ಒತ್ತಿ ಹಿಡಿದು ಬ್ಲೇಡನ್ನು ತಮ್ಮ ಕಡೆಗೆ ಎಳೆಯುತ್ತಾರೆ, ಸರ್‍ರ್. ಮತ್ತೆ ಎಳೆಯುತ್ತಾರೆ. ಕಂದು ಪುಡಿ ಎಳೆಯಾಗಿ ಏಳುತ್ತದೆ. ಶೀಟನ್ನು ಮಗುಚಿ, ಅದೇ ಗೆರೆಯ ನೇರಕ್ಕೆ ಬೆನ್ನಿಗೂ ಗೀರುತ್ತಾರೆ. ಆಮೇಲೆ ಗೆರೆಯನ್ನು ಮೇಜಿನ ಅಂಚಿಗೆ ತಂದು, ಒಂದು ಅಂಗೈ ಮೇಲೆ, ಒಂದು ಅಂಗೈ ಹೊರಗೆ, ಒಂದೇ ಒತ್ತು. ಟಕ್. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಪಟ್ಟಿ ಬಿಡಿಸಿಕೊಳ್ಳುತ್ತದೆ.

"ಊರಲ್ಲಿ ಯಾರೂ ಹೆಂಡ್ತಿ ಹಾಕಿದ ಗೆರೆ ದಾಟೋದಿಲ್ಲ. ನಾನು ಮಾತ್ರ ಅದನ್ನ ಒಪ್ಕೊಂಡಿದ್ದೇನೆ, ಅಷ್ಟೇ ವ್ಯತ್ಯಾಸ" ಎಂದು ಒಳಗೆ ಬಂದ ಮೊಯ್ದು ಚಹಾ ಲೋಟ ಇಡುತ್ತಾರೆ. ಅವರು ಮರಿಯಂ ಅವರ ಗಂಡ, ಮುಂದಿನ ಕೋಣೆಯಲ್ಲಿ ರೇಡಿಯೊ, ಟಿ.ವಿ. ರಿಪೇರಿ ಅಂಗಡಿ ಇಟ್ಟವರು. ಮಾತು ಜಾಸ್ತಿ, ಕೈ ನಿಧಾನ.

ಈ ಕೆಲಸ ಮನೆಗೆ ಬಂದದ್ದೂ ಆ ನಿಧಾನದ ಕೈಯಿಂದಲೇ. ತೊಂಬತ್ತೇಳರಲ್ಲಿ, ಬೆಂಗಳೂರಿನ ಕಾರ್ಖಾನೆಯ ನೌಕರಿ ಸಾಕೆಂದು ಊರಿಗೆ ಮರಳಿದ್ದ ಬಸವರಾಜಪ್ಪ ತಮ್ಮ ಮೊದಲ ಡಬ್ಬ ಮಾಡಲು ಹೊರಟಿದ್ದರು. ಶೀಟು ಬಿಡಿಸಿಕೊಡಲು ಜನ ಬೇಕೆಂದಾಗ ಮೊಯ್ದು ತಾನಿದ್ದೇನೆ ಎಂದು ಎದೆ ತಟ್ಟಿಕೊಂಡರು. ಮೊದಲ ಶೀಟು ಅಡ್ಡಡ್ಡ ಮುರಿಯಿತು. ಎರಡನೆಯದೂ ಮುರಿಯಿತು. ಮೂರನೆಯದಕ್ಕೆ ಕೈ ಹಾಕಿದಾಗ ಅಕ್ಕಿ ಆರಿಸುತ್ತಾ ಕೂತಿದ್ದ ಮರಿಯಂ ಮೊರ ಪಕ್ಕಕ್ಕಿಟ್ಟು ಎದ್ದು ಬಂದರು.

"ನೋಡ್ಲಿಕ್ಕೇ ಆಗ್ಲಿಲ್ಲ ನನಗೆ. ಕೊಡಿ ಇಲ್ಲಿ ಅಂತ ಕಿತ್ಕೊಂಡೆ. ಕಿತ್ಕೊಂಡದ್ದು ಇವತ್ತಿನವರೆಗೂ ವಾಪಸ್ ಕೊಟ್ಟಿಲ್ಲ" ಎಂದು ಅವರು ನಗುತ್ತಾರೆ.

ಕೈ ಪಳಗಿದ್ದು ಬೇರೆ ಕಡೆ. ಮರಿಯಂ ಗೋಣಿಬೀಡಿನವರು. ಮದುವೆಗೆ ಮುಂಚೆ ಚಿಕ್ಕಮಗಳೂರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಕಾಫಿ ಬೀಜ ಆರಿಸುತ್ತಿದ್ದರು. ಸಾಲಾಗಿ ಕೂತ ಹೆಂಗಸರ ಮುಂದೆ ರಾಶಿ ಸುರಿದರೆ ಕಪ್ಪು ಬೀಜ, ಒಡಕು ಬೀಜ, ಹುಳ ಹಿಡಿದ ಬೀಜ ಬೆರಳಿಗೆ ತಾನಾಗಿ ಸಿಗಬೇಕು. ಆ ಕಣ್ಣು ಈಗ ಬೋರ್ಡಿನ ಮೇಲೆ ಓಡುತ್ತದೆ. ತಾಮ್ರದ ಗೆರೆಯಲ್ಲಿ ಕೂದಲೆಳೆಯ ಬಿರುಕಿದ್ದರೂ ಆ ಬೋರ್ಡು ಬೇರೆ ಬುಟ್ಟಿಗೆ ಬೀಳುತ್ತದೆ.

ಹಾಗೆಂದು ತಪ್ಪೇ ಆಗಿಲ್ಲ ಅಂತಲ್ಲ. ಆದ ತಪ್ಪು ಎಂಥದ್ದೆಂದರೆ, ಕಾಫಿ ಸೀಮೆಯವರು ಬಿಟ್ಟು ಲೋಕದಲ್ಲಿ ಇನ್ಯಾರೂ ಅದನ್ನು ಮಾಡಲಾರರು. ಆ ಮೊದಲ ವರ್ಷವೇ ಒಂದು ಕಟ್ಟು ಬಸ್ಸಿನ ಟಾಪಿನ ಮೇಲೆ ನೆನೆದು ಬಂತು. ನೆನೆದದ್ದು ಏನೇ ಬರಲಿ, ಈ ಕಡೆ ಒಂದೇ ಮದ್ದು: ಕಣದಲ್ಲಿ ಹರವು. ಪಕ್ಕದ ತೋಟದವರ ಸಿಮೆಂಟ್ ಕಣದಲ್ಲಿ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ತೆಗೆದು ತೊಳೆದ ಕಾಫಿ ಬೀಜ, ಒಣಗುತ್ತಿತ್ತು. ಮರಿಯಂ ಅದರ ಬದಿಗೆ ಶೀಟುಗಳನ್ನೂ ಸಾಲಾಗಿ ಹರವಿ, ಪಾರ್ಚ್‌ಮೆಂಟ್ ಕೈಯಾಡಿಸುವಾಗೆಲ್ಲ ಇವನ್ನೂ ಮಗುಚಿ ಹಾಕಿದರು. ತೋಟದ ಲೆಕ್ಕ ಬರೆಯುವ ರೈಟರ್ ಬಂದು ನೋಡಿ ಇದ್ಯಾವ ಜಾತಿಯ ಕಾಫಿ ಎಂದು ಕೇಳಿ ಹೋದರು. ಸಂಜೆ ಹೊತ್ತಿಗೆ ಶೀಟುಗಳೆಲ್ಲ ಡೊಂಕಾಗಿ ಮುದುರಿಕೊಂಡಿದ್ದವು.

"ಪಾರ್ಚ್‌ಮೆಂಟ್ ಆದ್ರೆ ಒಣಗಿದಷ್ಟೂ ಒಳ್ಳೇದು ಅಲ್ದಾ? ಇದೂ ಹಾಗೇ ಅಂದ್ಕೊಂಡೆ" ಎಂದು ಮರಿಯಂ ಇವತ್ತಿಗೂ ಸಮಜಾಯಿಷಿ ಕೊಡುತ್ತಾರೆ. ಕಟ್ಟು ನೋಡಲು ಬಂದ ಬಸವರಾಜಪ್ಪ ಒಂದನ್ನು ಎತ್ತಿ ಹಿಡಿದು, "ಏನಮ್ಮಾ, ಹಪ್ಪಳ ಸಂಡಿಗೆ ಶುರು ಮಾಡಿದ್ದೀರಾ?" ಎಂದರಂತೆ. ಬೈಯಲಿಲ್ಲ, ಬೇರೆ ಕಟ್ಟು ತರಿಸಿದರು. ಬೈದಿದ್ದರೆ ಅವತ್ತೇ ಬಿಟ್ಟುಬಿಡುತ್ತಿದ್ದೆ, ಬೈಯದೆ ಹೋದದ್ದಕ್ಕೆ ಬಿಡಲು ಮನಸ್ಸು ಬರಲಿಲ್ಲ ಎನ್ನುತ್ತಾರೆ ಮರಿಯಂ. ಬಿಸಿಲಿನ ಬದಲು ಹಂಡೆಯ ಹದ ಕಂಡುಕೊಂಡದ್ದು ಆ ಸಂಡಿಗೆಯ ಪುಣ್ಯದಿಂದ.

ದಿನಕ್ಕೆ ಹದಿನೈದು, ಇಪ್ಪತ್ತು ಶೀಟು. ಮಳೆಗಾಲದಲ್ಲಿ ವಾರಗಟ್ಟಲೆ ಕರೆಂಟ್ ಇಲ್ಲದಾಗ ಮೊಯ್ದು ಅಂಗಡಿ ಮುಚ್ಚಿ ಕೂತರೆ, ಈ ಜಗಲಿಯಲ್ಲಿ ಮಾತ್ರ ಟಕ್ ಟಕ್ ನಿಲ್ಲುವುದಿಲ್ಲ. ಗೀರುವ ಬಲಗೈ ಹೆಬ್ಬೆರಳು ಈಗ ಅರ್ಧ ಚರ್ಮ, ಅರ್ಧ ಕಲ್ಲು. ಮಳೆಗಾಲದ ರಾತ್ರಿ ಗಂಟು ನೋಯುತ್ತದೆ, ತೆಂಗಿನೆಣ್ಣೆ ಬಿಸಿ ಮಾಡಿ ಸವರಿಕೊಳ್ಳುತ್ತಾರೆ. ಪುಡಿ ಮೂಗಿಗೆ ಹೋಗದಂತೆ ಒದ್ದೆ ಬಟ್ಟೆ ಕಟ್ಟಿಕೊಳ್ಳಲೇಬೇಕೆಂಬುದು ಬಸವರಾಜಪ್ಪನವರ ಕಟ್ಟಪ್ಪಣೆ. ಶೀಟಿಗೆ ಇಷ್ಟು ಎಂದು ಕೂಲಿ. ಎಷ್ಟು ಎಂದು ಕೇಳಿದರೆ ಮರಿಯಂ ಬ್ಲೇಡಿಗೆ ಸಾಣೆ ಹಿಡಿಯಲು ಎದ್ದು ಹೋಗುತ್ತಾರೆ. ನೆರೆಮನೆಯ ಪಾಪಮ್ಮ, ತೋಟದ ಕೆಲಸ ಇಲ್ಲದ ತಿಂಗಳಲ್ಲಿ ಬಂದು ಅಂಚು ಉಜ್ಜಿಕೊಡುವಾಕೆ, ಅದಕ್ಕೆ ಉತ್ತರ ಕೊಡುತ್ತಾರೆ: "ಎಷ್ಟು ಬರ್ತದೋ ನಂಗೊತ್ತಿಲ್ಲ. ಆದ್ರೆ ಈ ಮನೇಲಿ ಮೀನು ಬೇಕಾ ಬೇಡ್ವಾ ಅಂತ ಗಂಡನ್ನ ಕೇಳೋದು ನಿಂತು ಎಷ್ಟೋ ವರ್ಷ ಆಯ್ತು."

ಮೆಷಿನ್ ಗೆರೆಯ ಸುದ್ದಿ ಬಂದದ್ದು ಕಳೆದ ತಿಂಗಳು. ಬಸವರಾಜಪ್ಪ ಮುಚ್ಚಿಡುವ ಮನುಷ್ಯ ಅಲ್ಲ. ಜಗಲಿಯಲ್ಲಿ ಕೂತು, ಚಹಾ ಕುಡಿದು, ನೆಲ ನೋಡಿಕೊಂಡು ಎಲ್ಲ ಹೇಳಿದರು. ಆನೆ ಕಾಟ ಹೆಚ್ಚಾಗಿದೆ, ಡಬ್ಬಕ್ಕೆ ಬೇಡಿಕೆ ಬಂದಿದೆ, ಬೇಗ ಬೇಗ ಬೋರ್ಡು ಬೇಕು. ಒಂದು ಕಟ್ಟು ಪರೀಕ್ಷೆಗೆ ತರಿಸುತ್ತೇನೆ ಎಂದರು. ಮರಿಯಂ "ತರಿಸಿ ಅಣ್ಣ" ಎಂದರು. ಅವತ್ತು ಮೀನು ಸಾರಿಗೆ ಉಪ್ಪು ಹಾಕುವುದು ಮರೆತರು ಎಂಬುದು ಮೊಯ್ದು ಅವರ ಸಾಕ್ಷ್ಯ.

ಪರೀಕ್ಷೆಯ ಆ ಮೊದಲ ಕಟ್ಟು ಬಂದದ್ದೇ ಒಂದು ಕತೆ. ನಮ್ಮ ಮಲೆನಾಡಿನ ರಸ್ತೆಯ ಬಗ್ಗೆ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ಬಸ್ಸಿನ ಟಾಪಿನ ಮೇಲೆ, ಈರುಳ್ಳಿ ಮೂಟೆಯ ಕೆಳಗೆ, ಅಂಗಾತ ಮಲಗಿ ಬಂದ ಗೆರೆ ಶೀಟುಗಳು ಒಂದೊಂದು ಗುಂಡಿಗೆ ಒಂದೊಂದರಂತೆ ದಾರಿಯಲ್ಲೇ ಮುರಿದುಕೊಂಡಿದ್ದವು. ಬಸವರಾಜಪ್ಪ ಕಟ್ಟನ್ನು ಇಲ್ಲಿಗೇ ತಂದು ಬಿಚ್ಚಿದಾಗ ಚೂರುಗಳು ಜಳಜಳನೆ ನೆಲಕ್ಕೆ ಸುರಿದವು. ಮೊಯ್ದು ಹೊಟ್ಟೆ ಹಿಡಿದು ನಕ್ಕರು. "ನಿನ್ನ ಕೆಲಸ ಕಿತ್ಕೊಳ್ಳೋಕೆ ಮೆಷಿನ್ ಸಾಲದು ಮಾರಾಯ್ತಿ, ಮೊದ್ಲು ರಸ್ತೆ ಆಗ್ಬೇಕು. ನೀನು ಪೆನ್ಷನ್ ತಗೊಂಡ ಮೇಲೆ ಆಯ್ತು ಅದು" ಎಂದರು. ಪಾಪಮ್ಮ ನಕ್ಕರು. ಬಸವರಾಜಪ್ಪ ಕೂಡ ಸೋತ ನಗೆ ನಕ್ಕು, "ಈ ರಸ್ತೆ ಇರೋವರೆಗೂ ನೀವೇ ಗತಿ ಮರಿಯಮ್ಮ" ಎಂದು ಎದ್ದರು.

ಮರಿಯಂ ಅವರಿಗೂ ಖುಷಿಯಾಗಿತ್ತು. ಅದನ್ನವರು ಬಚ್ಚಿಡುವುದಿಲ್ಲ. "ಖುಷಿ ಅಂದ್ರೆ ಖುಷಿ. ಬೆಲ್ಲ ತಿಂದ ಹಾಗಾಯ್ತು" ಎನ್ನುತ್ತಾರೆ. ನಗುನಗುತ್ತಲೇ ಚೂರು ಗುಡಿಸಲು ಬಗ್ಗಿದರು. ಆಗ ಕೈಗೆ ಸಿಕ್ಕಿದ್ದು ಒಂದು ಬೋರ್ಡು. ಗೆರೆಗೆ ಮುರಿದಿರಲಿಲ್ಲ, ನಟ್ಟನಡುವೆ ಸೀಳಿತ್ತು. ತಾಮ್ರದ ಗೆರೆಗಳು ಹರಿದು ನಿಂತಿದ್ದವು. ಇನ್ನೊಂದು ಎತ್ತಿದರು, ಅದೂ ಹಾಗೇ. ಒಂದು ಬೋರ್ಡಿಗೂ ಪ್ರಯೋಜನವಿಲ್ಲ, ಎಲ್ಲವೂ ಕಸ. ಹೀಗೇಕಾಯಿತು ಎಂದು ಅವರಿಗೆ ನೋಡಿದೊಡನೆ ಗೊತ್ತಾಯಿತು. ಹೇಳಿದರೆ ಏನಾಗುತ್ತದೆ ಎಂಬುದೂ ಅಷ್ಟೇ ಬೇಗ ಗೊತ್ತಾಯಿತು.

ಬಸವರಾಜಪ್ಪ ಜೀಪಿನ ಹತ್ತಿರ ಹೋಗಿದ್ದರು. ಮರಿಯಂ ಪೊರಕೆ ಹಿಡಿದುಕೊಂಡೇ ಬಾಗಿಲಿಗೆ ಬಂದು ಕೂಗಿದರು: "ಬಸವರಾಜಣ್ಣ, ಕಿಟಕಿ ಗಾಜು ಯಾರಾದ್ರೂ ಮಲಗಿಸಿ ತರ್ತಾರಾ?"

ಬಸವರಾಜಪ್ಪನವರಿಗೆ ತಲೆಬುಡ ಹತ್ತಲಿಲ್ಲ. ಮೊಯ್ದು ಅವರಿಗೆ ಹತ್ತಿತು. ಅವರು ಹೆಂಡತಿಯ ಕಾಲು ಮೆಲ್ಲಗೆ ತುಳಿದರು. ಮರಿಯಂ ಕಾಲು ಹಿಂದೆಳೆದುಕೊಂಡು ಮಾತು ಮುಂದುವರಿಸಿದರು: ಶೀಟುಗಳನ್ನು ಮಲಗಿಸಬಾರದು, ನಿಲ್ಲಿಸಬೇಕು. ಎರಡು ಹಲಗೆಯ ನಡುವೆ ಅಲುಗದಂತೆ ಬಿಗಿಯಾಗಿ ಕಟ್ಟಬೇಕು. ಟಾಪಿನ ಮೇಲೆ ಹಾಕಬಾರದು, ಡ್ರೈವರ್ ಸೀಟಿನ ಹಿಂದೆ ಇರಿಸಬೇಕು. ಹಾಗೆ ಬಂದರೆ ಎಂಥ ರಸ್ತೆಯಾದರೂ ಮುರಿಯುವುದಿಲ್ಲ.

ತಮ್ಮ ಕಾಲ ಮೇಲೆ ತಾವೇ ಚಪ್ಪಡಿ ಎಳೆದುಕೊಳ್ಳುವುದೆಂದರೆ ಇದೇ. ಮೊಯ್ದು ಎರಡು ದಿನ ಮಾತು ಬಿಟ್ಟರು. ಅಷ್ಟು ಮಾತಿನ ಮನುಷ್ಯನಿಗೆ ಅದೇನು ಸಣ್ಣ ಶಿಕ್ಷೆಯಲ್ಲ. ಯಾಕೆ ಹೇಳಿದಿರಿ ಎಂದರೆ ಮರಿಯಂ ಬ್ಲೇಡಿನ ಬಟ್ಟೆ ಬಿಚ್ಚಿ ಮತ್ತೆ ಸುತ್ತುತ್ತಾರೆ.

"ಬೋರ್ಡ್ ಅಡ್ಡ ಮುರಿದ್ರೆ ನನಗೆ ಸಂಕಟ ಆಗ್ತದೆ. ನನ್ನ ಕೈಯಿಂದ ಮುರಿದ್ರೂ ಅಷ್ಟೇ, ರಸ್ತೆ ಮುರಿದ್ರೂ ಅಷ್ಟೇ. ಒಂಬತ್ತು ವರ್ಷ ಅದು ಅಡ್ಡ ಮುರೀಬಾರ್ದು ಅಂತಲೇ ಕೂತಿದ್ದೇನೆ. ಈಗ ಮುರೀಲಿ ಅಂತ ದುವಾ ಮಾಡ್ಲಿಕ್ಕೆ ಬಾಯಿ ಬರೋದಿಲ್ಲ" ಎನ್ನುತ್ತಾರೆ.

ಮಂಜು ಹರಿದು ಬಿಸಿಲು ಜಗಲಿಗೆ ಬಿದ್ದಿದೆ. ಕೊಯ್ಲಿಗೆ ಹೊರಟ ಹೆಂಗಸರನ್ನು ತುಂಬಿಕೊಂಡ ಪಿಕಪ್ಪುಗಳು ಹೋಗಿ ಆಗಿವೆ. ಹತ್ತೂವರೆ ಸುಮಾರಿಗೆ ಓಣಿಯ ಬಾಯಲ್ಲಿ ಜೀಪಿನ ಸದ್ದಾಗುತ್ತದೆ. ಮರಿಯಂ ಬ್ಲೇಡನ್ನು ಮೇಜಿನ ಮೇಲಿಟ್ಟು ಸೆರಗಿಗೆ ಕೈ ಒರೆಸಿಕೊಳ್ಳುತ್ತಾರೆ. ಮೊಯ್ದು ಅಂಗಡಿಯಿಂದ ಎದ್ದು ಬಂದು ಬಾಗಿಲ ಚೌಕಟ್ಟಿಗೆ ಒರಗುತ್ತಾರೆ.

ಬಸವರಾಜಪ್ಪ ತಂದದ್ದು ಎರಡು ಗಂಟು. ದೊಡ್ಡದು ಎರಡು ಹಲಗೆಗಳ ನಡುವೆ ಹುರಿಯಿಂದ ಬಿಗಿದ ಕಟ್ಟು, ಚಿಕ್ಕದು ಪಂಚೆಯ ತುಂಡಿನಲ್ಲಿ ಸುತ್ತಿದ್ದು. ದೊಡ್ಡದನ್ನು ಮೇಜಿನ ಮೇಲಿಟ್ಟು ಹುರಿ ಬಿಚ್ಚುತ್ತಾರೆ. ಒಂದು ಶೀಟು, ಇಡಿ. ಎರಡನೆಯದೂ ಇಡಿ. ಮರಿಯಂ ತಾವೇ ಒಂದೊಂದನ್ನು ಎತ್ತಿ ಬೆಳಕಿಗೆ ಹಿಡಿದು ನೋಡುತ್ತಾ ಹೋಗುತ್ತಾರೆ. ಒಂದಕ್ಕೂ ಏನೂ ಆಗಿಲ್ಲ. ಅವರ ಮುಖ ಅರಳುತ್ತದೆ. ನೋಡುತ್ತಿದ್ದವರಿಗೆ ನಂಬುವುದು ಕಷ್ಟ, ಆದರೆ ಆ ಮುಖದಲ್ಲಿರುವುದು ಸಂತೋಷವೇ.

"ಹೇಳ್ಲಿಲ್ವಾ ನಾನು? ನಿಲ್ಸಿ ತಂದ್ರೆ ಏನೂ ಆಗೋದಿಲ್ಲ" ಎಂದು ಗಂಡನ ಕಡೆ ತಿರುಗುತ್ತಾರೆ. ಗಂಡನ ಮುಖ ಕಂಡ ಮೇಲೆಯೇ ಅವರಿಗೆ ಉಳಿದದ್ದು ನೆನಪಾಗುವುದು. ಕೈಯಲ್ಲಿದ್ದ ಶೀಟನ್ನು ಮೆಲ್ಲಗೆ ಇಳಿಸುತ್ತಾರೆ.

"ಇನ್ನು ಗೀರೋ ಕೆಲಸ ಇಲ್ಲ ಮರಿಯಮ್ಮ" ಎನ್ನುತ್ತಾರೆ ಬಸವರಾಜಪ್ಪ.

"ಹೌದಣ್ಣ. ಗೊತ್ತು."

"ನಿಮ್ಮ ಹೆಬ್ಬೆಟ್ಟಿಗೆ ರಜೆ. ನಿಮಗಲ್ಲ."

ಅವರು ಚಿಕ್ಕ ಗಂಟು ಬಿಚ್ಚುತ್ತಾರೆ. ಅದರಲ್ಲಿರುವುದೂ ಶೀಟೇ, ಆದರೆ ಬೋಳು ಶೀಟಲ್ಲ. ಹನ್ನೆರಡು ಬೋರ್ಡುಗಳ ಮೇಲೂ ಪುಟ್ಟ ಪುಟ್ಟ ಬಿಡಿಭಾಗಗಳು ಕೂತು ಬೆಸುಗೆಯಾಗಿವೆ. ಇಷ್ಟು ದಿನ ಬಿಡಿ ಬೋರ್ಡು ಒಂದೊಂದನ್ನೇ ಕೈಯಲ್ಲಿ ಹಿಡಿದು ಬೆಸುಗೆ ಹಾಕಬೇಕಿತ್ತು. ಗೆರೆ ಇರುವ ಶೀಟಾದರೆ ಇಡೀ ಶೀಟಿಗೆ ಒಮ್ಮೆಲೇ ಹಾಕಿ ಆಮೇಲೆ ಮುರಿಯಬಹುದು, ಅರ್ಧಕ್ಕರ್ಧ ಹೊತ್ತು ಉಳಿತಾಯ. ಆದರೆ ಮೈತುಂಬ ಸಾಮಾನು ಹೊತ್ತ ಬೋರ್ಡನ್ನು ಮುರಿಯುವಾಗ ಚೂರು ಬಾಗಿದರೂ ಬೆಸುಗೆ ಬಿಟ್ಟುಹೋಗುತ್ತದೆ. ಹೊರಗೆ ಕಾಣುವುದೂ ಇಲ್ಲ. ಆನೆ ಬಂದ ರಾತ್ರಿ ಡಬ್ಬ ಸುಮ್ಮನಾಗುತ್ತದೆ, ಅಷ್ಟೇ.

"ಇದನ್ನ ನಿಮ್ಮ ಕೈಗೆ ಬಿಟ್ಟು ಇನ್ಯಾರ ಕೈಗೂ ಕೊಡೋದಿಲ್ಲ" ಎನ್ನುತ್ತಾರೆ ಬಸವರಾಜಪ್ಪ. "ಕೆಟ್ಟದ್ದನ್ನ ಕೆಟ್ಟಿದೆ ಅಂತ ಹೇಳೋರು ಬೇಕು ನನಗೆ. ಅವತ್ತು ಪೊರಕೆ ಹಿಡ್ಕೊಂಡು ಬಾಗಿಲಿಗೆ ಬಂದ್ರಲ್ಲ, ಅವತ್ತೇ ತೀರ್ಮಾನ ಮಾಡಿದೆ. ಈ ಕಟ್ಟಿನ ಒಂದು ಶೀಟಿಗೆ ಬೆಸುಗೆ ಹಾಕಿ ನೋಡೋವರೆಗೂ ಹೇಳೋದು ಬೇಡ ಅಂತ ಸುಮ್ನಿದ್ದೆ. ತಿಂಗಳಿಗೆ ಈಗಿನ ದುಪ್ಪಟ್ಟು ಬರ್ತದೆ. ಪಾಪಮ್ಮನನ್ನೂ ಸೇರಿಸ್ಕೊಳ್ಳಿ."

ಮರಿಯಂ ಶೀಟನ್ನು ಎತ್ತಿಕೊಂಡು ನೇರ ಬಚ್ಚಲಿಗೆ ಹೋಗುತ್ತಾರೆ. ಒಲೆಯಲ್ಲಿ ಇನ್ನೂ ಕೆಂಡವಿದೆ. ತುಸು ಹೊತ್ತಿನ ಮೇಲೆ ಮರಳಿ ಬಂದಾಗ ಕಣ್ಣು ಕೆಂಪಗಿದೆ. ಹೊಗೆ ಎನ್ನುತ್ತಾರೆ. ಇರಲಿ, ಹೊಗೆಯೇ ಎನ್ನೋಣ.

ಗೆರೆಯನ್ನು ಮೇಜಿನ ಅಂಚಿಗೆ ತರುತ್ತಾರೆ. ಸಾಮಾನಿಗೆ ತಾಗದಂತೆ ಅಂಗೈ ಇಡುವ ಜಾಗ ಹುಡುಕುತ್ತಾರೆ. ಬಿಸ್ಮಿಲ್ಲಾ ಎಂದು ಒತ್ತುತ್ತಾರೆ. ಟಕ್. ಇನ್ನೊಂದು. ಪಟ್ಟಿಯಿಂದ ಒಂದು ಬೋರ್ಡು ಬಿಡಿಸಿಕೊಂಡು ಅಂಗೈಗೆ ಬರುತ್ತದೆ.

"ಬ್ಯಾಟರಿ ಇದೆಯಾ ಮೊಯ್ದು? ಕಾಯಿಲ್ ಇನ್ನೂ ಕೂರಿಸಿಲ್ಲ, ಶಾಕ್ ಹೊಡೆಯೋದಿಲ್ಲ, ಹೆದರ್ಬೇಡಿ" ಎನ್ನುತ್ತಾರೆ ಬಸವರಾಜಪ್ಪ. ನಿಧಾನದ ಮೊಯ್ದು ಇವತ್ತು ಅಂಗಡಿಗೆ ಓಡುತ್ತಾರೆ. ಬ್ಯಾಟರಿ ತಂದು, ಎರಡು ವಯರು ಹಚ್ಚಿ, ಬೋರ್ಡಿನ ಎರಡು ಕಡೆ ತಾಗಿಸುತ್ತಾರೆ.

ಬೋರ್ಡಿನ ಮೂಲೆಯಲ್ಲಿ ಸಾಸಿವೆಗಿಂತ ತುಸು ದೊಡ್ಡದೊಂದು ದೀಪ ಕೆಂಪಗೆ ಮಿನುಗುತ್ತದೆ, ಆರುತ್ತದೆ, ಮತ್ತೆ ಮಿನುಗುತ್ತದೆ. ಒಂಬತ್ತು ವರ್ಷ ಬೋಳು ಬೋರ್ಡುಗಳನ್ನಷ್ಟೇ ಕಳಿಸಿದ ಮರಿಯಂ, ತಾವು ಬಿಡಿಸಿದ ಬೋರ್ಡೊಂದು ಜೀವ ಬಂದು ಉರಿಯುವುದನ್ನು ನೋಡುತ್ತಿರುವುದು ಇದೇ ಮೊದಲು. ಬಗ್ಗಿ, ಮೂಗು ತಾಗುವಷ್ಟು ಹತ್ತಿರದಿಂದ ನೋಡುತ್ತಾರೆ. ಪಾಪಮ್ಮನನ್ನು ಕೂಗಿ ಕರೆದು ಆಕೆಗೂ ತೋರಿಸುತ್ತಾರೆ.

"ಎಲ್ಲಾ ಮನೇಲೂ ಮುರಿದವರಿಗೆ ಬೈತಾರೆ ಪಾಪಮ್ಮ" ಎನ್ನುತ್ತಾರೆ, ದೀಪದಿಂದ ಕಣ್ಣು ತೆಗೆಯದೆ. "ನೋಡು ಇಲ್ಲಿ. ಇದನ್ನ ಮುರಿದದ್ದು ನಾನು."